ಕೂಸು ಬಡವಾಗದ ಹಾಗೆ ಮಾತಾಡೋದು: ಎಳೆಮಕ್ಕಳಿರುವ ಗಂಡ-ಹೆಂಡತಿಗೆ ಸಮಗ್ರ ಮಾರ್ಗದರ್ಶಿ

ಏಪ್ರಿಲ್ ತಿಂಗಳು. ದಾವಣಗೆರೆಯ ಸೆಕೆ ಗೊತ್ತಲ್ಲ, ರಾತ್ರಿ ಒಂಬತ್ತಾದರೂ ಗೋಡೆ ಮುಟ್ಟಿದರೆ ಬಿಸಿ. ವಿದ್ಯಾನಗರದ ನಮ್ಮ ಬಾಡಿಗೆ ಮನೆಯಲ್ಲಿ ಒಂಬತ್ತು ತಿಂಗಳ ಮಗನಿಗೆ ರಾಗಿ ಸರಿ ತಿನ್ನಿಸುತ್ತಾ ಕೂತಿದ್ದೆ. ಚೆನ್ನಾಗಿಯೇ ತಿನ್ನುತ್ತಿದ್ದ. ಮಂಡಿಪೇಟೆಯ ಅಂಗಡಿ ಮುಚ್ಚಿಕೊಂಡು ನಮ್ಮ ಮನೆಯವರು ಬಂದರು. ಚಪ್ಪಲಿ ಬಿಡುತ್ತಲೇ ಕೇಳಿದರು, "ಇನ್ನೂ ಮಲಗಿಸಿಲ್ಲೇನು?"

ಎರಡೇ ಪದ. ನಾನು ಉತ್ತರ ಕೊಡಲಿಲ್ಲ. ಆದರೆ ಚಮಚ ಬೇಗ ಬೇಗ ಓಡತೊಡಗಿತು. ಮಗ ಮುಖ ತಿರುಗಿಸಿದ, ಗಲ್ಲ ಹಿಡಿದು ಈ ಕಡೆ ಎಳೆದೆ. ತುಟಿ ಬಿಗಿ ಹಿಡಿದ, ತುರುಕಿದೆ. ಬೆನ್ನು ಹಿಂದಕ್ಕೆ ಬಾಗಿಸಿದ, ಎದೆಗೆ ಒತ್ತಿ ಹಿಡಿದೆ. ಕೊನೆಗೆ ಎಲ್ಲಾ ಕಕ್ಕಿ, ಉಸಿರು ಕಟ್ಟೋ ಹಾಗೆ ಅತ್ತ. ಹೊಟ್ಟೆ ತುಂಬಿದೆ ಅಂತ ಅವನು ಮೂರು ಸಲ ಹೇಳಿದ್ದ. ನಾನು ಒಂದು ಸಲವೂ ಕಂಡಿರಲಿಲ್ಲ. ಕಣ್ಣು ಮಗುವಿನ ಮೇಲಿತ್ತು, ಮನಸ್ಸು ಆ ಎರಡು ಪದಗಳ ಮೇಲಿತ್ತು.

ಅವತ್ತು ರಾತ್ರಿ ನಾನೊಬ್ಬ ಕೆಟ್ಟ ತಾಯಿ ಅಂತ ಅಂದುಕೊಂಡೆ. ಆಮೇಲೆ ಓದುತ್ತಾ, ನಮ್ಮ ಮನೆಯಲ್ಲೇ ಗಮನಿಸುತ್ತಾ ತಿಳಿದದ್ದು ಬೇರೆ. ಮಗುವನ್ನು ಅರ್ಥ ಮಾಡಿಕೊಳ್ಳುವ ತಾಯಿಯ ಶಕ್ತಿ ಅವಳೊಬ್ಬಳ ಗುಣದಿಂದ ಮಾತ್ರ ಬರೋದಿಲ್ಲ. ಹತ್ತು ನಿಮಿಷ ಮೊದಲು ಮನೆಯಲ್ಲಿ ಯಾರು ಏನು ಅಂದರು, ಹೇಗೆ ಅಂದರು ಅನ್ನೋದರ ಮೇಲೂ ನಿಂತಿರುತ್ತದೆ. ಗುಣ ಬದಲಿಸೋದು ಕಷ್ಟ. ಮಾತು ಬದಲಿಸಬಹುದು. ಹುಟ್ಟಿದಾಗಿನಿಂದ ಮೂರು ವರ್ಷದೊಳಗಿನ ಮಕ್ಕಳಿರುವವರಿಗೆ ಅದು ಹೇಗೆ ಅಂತ ಹಂತ ಹಂತವಾಗಿ ಹೇಳುತ್ತೇನೆ. ದಯವಿಟ್ಟು ಇಬ್ಬರೂ ಓದಿ.

ಮೊದಲು, ಸ್ಪಂದನೆ ಅಂದರೇನು?

ಪ್ರೀತಿ ಬೇರೆ, ಸ್ಪಂದನೆ ಬೇರೆ. ಆ ರಾತ್ರಿ ನನ್ನ ಪ್ರೀತಿ ಗುಲಗಂಜಿಯಷ್ಟೂ ಕಡಿಮೆ ಇರಲಿಲ್ಲ.

ಮೇರಿ ಐನ್ಸ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞೆ 1950ರ ದಶಕದಲ್ಲಿ ಉಗಾಂಡಾದ ಹಳ್ಳಿಗಳಲ್ಲಿ ತಾಯಿ-ಮಕ್ಕಳನ್ನು ಗಮನಿಸಿದರು. ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ 26 ಮನೆಗಳನ್ನು ಆರಿಸಿಕೊಂಡರು. ಮಗುವಿನ ಮೊದಲ ವರ್ಷವಿಡೀ ಅವರ ತಂಡ ಆ ಮನೆಗಳಿಗೆ ಮತ್ತೆ ಮತ್ತೆ ಹೋಗಿ, ಸಲಕ್ಕೆ ಸುಮಾರು ನಾಲ್ಕು ಗಂಟೆ ಕೂತು ನೋಡಿತು. ಹಾಗೆ ನೋಡಿ ಅವರು ಹೇಳಿದ ಸ್ಪಂದನೆಯಲ್ಲಿ ನಾಲ್ಕು ತುಂಡುಗಳಿವೆ. ಮಗು ಕೊಡುವ ಸೂಚನೆ ಕಣ್ಣಿಗೆ ಬೀಳಬೇಕು. ಅದರ ಅರ್ಥ ಸರಿಯಾಗಿ ಹೊಳೆಯಬೇಕು. ಅದಕ್ಕೆ ತಕ್ಕ ಉತ್ತರ ಕೊಡಬೇಕು. ತಡ ಮಾಡದೆ ಕೊಡಬೇಕು.

ಅದೇ ಬಾಲ್ಟಿಮೋರ್ ಮನೆಗಳಲ್ಲಿ ಕಂಡ ಇನ್ನೊಂದು ಸಂಗತಿ 1972ರಲ್ಲಿ ಪ್ರಕಟವಾಯಿತು. ಮೊದಲ ತಿಂಗಳುಗಳಲ್ಲಿ ಅತ್ತಾಗ ಬೇಗ ಸ್ಪಂದಿಸಿದ ತಾಯಂದಿರ ಮಕ್ಕಳು ವರ್ಷ ತುಂಬುವ ಹೊತ್ತಿಗೆ ಕಡಿಮೆ ಅಳುತ್ತಿದ್ದರು. "ಎತ್ತಿ ಎತ್ತಿ ರೂಢಿ ಮಾಡಬ್ಯಾಡ" ಅಂತ ನಮ್ಮ ಕಡೆ ಎಷ್ಟು ಜನ ಹೇಳ್ತಾರೆ ಅಲ್ವಾ? ನಾನಂತೂ ಆ ಮಾತು ಕೇಳೋದನ್ನು ಬಿಟ್ಟೆ.

ಗಂಡ-ಹೆಂಡತಿ ಮಾತು ಕೆಟ್ಟಾಗ ಈ ನಾಲ್ಕರಲ್ಲಿ ಮೊದಲು ಮುರಿಯೋದು ಮೊದಲನೆಯದೇ. ಸೂಚನೆ ಕಣ್ಣಿಗೇ ಬೀಳೋದಿಲ್ಲ. ಮುಂದಿನ ಮೂರರ ಮಾತೇ ಬರೋದಿಲ್ಲ.

ಇಬ್ಬರ ನಡುವಿನ ಮಾತು ಮಗುವಿನ ತನಕ ಹೇಗೆ ಹೋಗುತ್ತದೆ?

"ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ" ಅನ್ನೋ ಗಾದೆ ನಮಗೆಲ್ಲ ಗೊತ್ತು. ಸಂಶೋಧಕರೂ ಇದನ್ನೇ ಬೇರೆ ಮಾತಲ್ಲಿ ಹೇಳಿದ್ದಾರೆ. ಎರೆಲ್ ಮತ್ತು ಬರ್ಮನ್ ಎಂಬಿಬ್ಬರು 1995ರಲ್ಲಿ 68 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಗಂಡ-ಹೆಂಡತಿ ಸಂಬಂಧ ಚೆನ್ನಾಗಿದ್ದ ಕಡೆ ತಂದೆತಾಯಿ ಮತ್ತು ಮಗುವಿನ ಸಂಬಂಧವೂ ಚೆನ್ನಾಗಿತ್ತು. ಅಲ್ಲಿ ಕೆಟ್ಟಿದ್ದರೆ ಇಲ್ಲೂ ಕೆಟ್ಟಿತ್ತು. ಒಂದು ಒಲೆಯ ಮೇಲೆ ಉಕ್ಕಿದ ಹಾಲು ಪಕ್ಕದ ಒಲೆಯನ್ನೂ ಆರಿಸುತ್ತದಲ್ಲ, ಹಾಗೆ.

ಒಳಗೆ ನಡೆಯೋದು ಇಷ್ಟು. ಚುಚ್ಚು ಮಾತು ಕೇಳಿದ ಕೂಡಲೇ ಎದೆ ಬಡಿತ ಏರುತ್ತದೆ, ಮೈ ಬಿಗಿಯುತ್ತದೆ. ಮನಸ್ಸು ಅದೇ ಮಾತನ್ನು ತಿರುಗಿಸಿ ತಿರುಗಿಸಿ ಕೇಳಿಸುತ್ತದೆ, ಕೊಡಬೇಕಿದ್ದ ಉತ್ತರ ಹುಡುಕುತ್ತದೆ. ಎಳೆಕೂಸಿನ ಸೂಚನೆಗಳು ಬಹಳ ಸಣ್ಣವು. ರೆಪ್ಪೆ ಭಾರವಾಗೋದು, ನೋಟ ಬೇರೆ ಕಡೆ ಹೋಗೋದು, ಕೈಬೆರಳು ಮುದುಡೋದು. ಗದ್ದಲದ ಮನಸ್ಸಿಗೆ ಇವು ಕಾಣೋದಿಲ್ಲ. ಅದರ ಮೇಲೆ ರಾತ್ರಿ ಮೂರು ನಾಲ್ಕು ಸಲ ಎದ್ದ ನಿದ್ದೆಗೇಡು ಬೇರೆ.

ಇದು ಒಂದೇ ದಾರಿಯಲ್ಲಿ ಹೋಗೋದಿಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ. ತುಂಬಾ ಅಳುವ ಮಗು, ಕಾಯಿಲೆಯ ಮಗು, ಸಾಲದ ಕಂತು, ಇವೂ ಇಬ್ಬರ ಮಾತನ್ನು ಕೆಡಿಸುತ್ತವೆ. ಜೊತೆಗೆ, ಜಗಳದ ಪೆಟ್ಟು ತಾಯಿ-ಮಗುವಿಗಿಂತ ತಂದೆ-ಮಗುವಿನ ನಂಟಿಗೆ ಹೆಚ್ಚು ಬೀಳುತ್ತದೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಹೆಂಡತಿಯಿಂದ ದೂರ ಸರಿದ ಗಂಡ ಮಗುವಿನಿಂದಲೂ ಸರಿಯುತ್ತಾನೆ. ಆಗ ಅವಳ ಮೇಲೆ ಭಾರ ಇನ್ನೂ ಜಾಸ್ತಿ.

ಇನ್ನೊಂದು ಅಧ್ಯಯನ ನನಗೆ ಧೈರ್ಯ ಕೊಟ್ಟಿತು. ಜಾನ್ ಗಾಟ್‌ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು ಹೊಸದಾಗಿ ಮದುವೆಯಾದವರನ್ನು ವರ್ಷಗಟ್ಟಲೆ ಹಿಂಬಾಲಿಸಿ 2000ದಲ್ಲಿ ಬರೆದದ್ದು. ಮೊದಲ ಮಗು ಹುಟ್ಟಿದ ಮೇಲೆ ಮೂರರಲ್ಲಿ ಎರಡು ಪಾಲು ಹೆಂಡತಿಯರಿಗೆ ದಾಂಪತ್ಯದ ತೃಪ್ತಿ ಇಳಿದಿತ್ತು. ಉಳಿದ ಒಂದು ಪಾಲಿಗೆ ಇಳಿದಿರಲಿಲ್ಲ. ಅಲ್ಲಿ ಏನಿತ್ತು? ಗಂಡ ಅಕ್ಕರೆಯನ್ನು ಬಾಯಿಬಿಟ್ಟು ಹೇಳುತ್ತಿದ್ದ. ಅವಳ ದಿನ ಹೇಗೆ ಹೋಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಅವನ ಪಾಡು ಅವಳಿಗೂ ಗೊತ್ತಿತ್ತು. ಇದರಲ್ಲಿ ದುಡ್ಡು ಖರ್ಚಾಗುವ ಬಾಬು ಒಂದೂ ಇಲ್ಲ.

ಹಂತ 1: ಒಂದು ವಾರ ಏನೂ ಬದಲಿಸಬೇಡಿ, ಸುಮ್ನೆ ಬರೆಯಿರಿ

ಗೋಡೆಯ ಕ್ಯಾಲೆಂಡರಿನ ಹಿಂಬದಿ ಸಾಕು. ಮಗು ವಿಪರೀತ ರಚ್ಚೆ ಹಿಡಿದಾಗ, ಅಥವಾ ನೀವು ಮಗುವಿನ ಮೇಲೆ ರೇಗಿದಾಗ ಮೂರು ವಿಷಯ ಬರೆಯಿರಿ. ಎಷ್ಟು ಗಂಟೆ. ಅದಕ್ಕೆ ಅರ್ಧ ಗಂಟೆ ಮೊದಲು ಇಬ್ಬರ ನಡುವೆ ಏನು ಮಾತಾಯಿತು. ನೀವಿಬ್ಬರೂ ಊಟ ಮಾಡಿದ್ದಿರಾ.

ಮೂರನೆಯದನ್ನು ಬಿಡಬೇಡಿ. ನಮ್ಮ ಮನೆಯ ವಾರದ ಲೆಕ್ಕದಲ್ಲಿ ಐದು ಗಲಾಟೆಗಳಲ್ಲಿ ನಾಲ್ಕು ರಾತ್ರಿ ಎಂಟೂವರೆಯಿಂದ ಒಂಬತ್ತೂವರೆ ಒಳಗೆ ಆಗಿದ್ದವು. ನಾಲ್ಕರಲ್ಲೂ ಇಬ್ಬರೂ ಉಂಡಿರಲಿಲ್ಲ. ಮೆಕ್ಕೆಜೋಳದ ಸುಗ್ಗಿಯಲ್ಲಿ ಮಂಡಿ ಕೆಲಸದವರ ಮನೆಯಲ್ಲಿ ಈ ಹೊತ್ತು ಹನ್ನೊಂದಕ್ಕೆ ಹೋಗಬಹುದು. ಶಿಫ್ಟ್ ಕೆಲಸದವರ ಮನೆಯಲ್ಲಿ ಬೆಳಗಿನ ಜಾವ ಇರಬಹುದು. ನಿಮ್ಮ ಮನೆಯ ಹೊತ್ತು ಯಾವುದು ಅಂತ ಮೊದಲು ಹಿಡಿಯಿರಿ. ಇಡೀ ದಿನ ಸರಿ ಮಾಡಲು ಹೋಗಬೇಡಿ, ಆ ಒಂದು ಗಂಟೆ ಸಾಕು.

ಹಂತ 2: ಮಗುವಿನ ಭಾಷೆಯನ್ನು ಇಬ್ಬರೂ ಕಲಿಯಿರಿ

ಹಸಿವಾದ ಎಳೆಕೂಸು ಮೊದಲೇ ಅಳೋದಿಲ್ಲ. ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ಬಾಯಿ ತೆರೆಯುತ್ತದೆ, ಕೈ ಬಾಯಿಗೆ ಒಯ್ಯುತ್ತದೆ, ತುಟಿ ಚಪ್ಪರಿಸುತ್ತದೆ. ಅಳು ಕೊನೆಯ ಸೂಚನೆ. ಸಾಕಾದಾಗ ಮುಖ ತಿರುಗಿಸುತ್ತದೆ, ತುಟಿ ಮುಚ್ಚುತ್ತದೆ, ಬೆನ್ನು ಬಾಗಿಸುತ್ತದೆ. ನಿದ್ದೆ ಬಂದಾಗ ಕಣ್ಣುಜ್ಜುತ್ತದೆ, ಕಿವಿ ಎಳೆದುಕೊಳ್ಳುತ್ತದೆ, ನೋಟ ಮಂಕಾಗುತ್ತದೆ. ಆಟ ಜಾಸ್ತಿಯಾಗಿ ದಣಿದಾಗ ನಿಮ್ಮ ಮುಖದಿಂದ ಕಣ್ಣು ತೆಗೆದು ಬೇರೆಲ್ಲೋ ನೋಡುತ್ತದೆ. ಆಗ ಇನ್ನಷ್ಟು ಆಡಿಸಬೇಡಿ, ಸುಮ್ಮನಿರಿ, ಅದೇ ತಿರುಗಿ ನೋಡುತ್ತದೆ.

ಇವನ್ನು ಗಂಡನೂ ಕಲಿತರೆ ಮಾತು ತಾನಾಗಿ ಬದಲಾಗುತ್ತದೆ. ತಿಳಿಯದವನು "ಯಾಕೆ ಹಂಗೆ ತುರುಕ್ತೀಯ?" ಅನ್ನುತ್ತಾನೆ. ತಿಳಿದವನು "ಮುಖ ತಿರುಗಿಸ್ತಾ ಇದಾನೆ ನೋಡು, ಹೊಟ್ಟೆ ತುಂಬಿರಬೇಕು" ಅನ್ನುತ್ತಾನೆ. ಮೊದಲನೆಯದು ಹೆಂಡತಿಯ ಬಗ್ಗೆ, ಎರಡನೆಯದು ಮಗುವಿನ ಬಗ್ಗೆ. ಎರಡನೆಯದು ಕೇಳಿದವಳ ಕಣ್ಣು ತಟ್ಟನೆ ಮಗುವಿನ ಕಡೆ ಹೋಗುತ್ತದೆ. ಮೊದಲನೆಯದು ಕೇಳಿದರೆ ಗಂಡನ ಕಡೆ ಹೋಗುತ್ತದೆ, ಕೆಂಪಗೆ.

ಹಂತ 3: ಬಾಗಿಲ ಬಳಿಯ ಮೊದಲ ಮಾತು

ಈ ಮಾರ್ಗದರ್ಶಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಹಂತ ಇದು. ಜಗಳದ ಮೊದಲ ಮೂರು ನಿಮಿಷ ಹೇಗೆ ಶುರುವಾಗುತ್ತದೆ ಅನ್ನೋದನ್ನು ನೋಡಿಯೇ ಆ ಮದುವೆಯ ಮುಂದಿನ ವರ್ಷಗಳ ಬಗ್ಗೆ ಬಹಳಷ್ಟು ಹೇಳಬಹುದು ಅಂತ ಗಾಟ್‌ಮನ್ ತಂಡ 1999ರಲ್ಲಿ ತೋರಿಸಿತು. ಮನೆಗೆ ಬಂದವರ ಮೊದಲ ಮಾತೂ ಅಂಥದ್ದೇ.

ನಮ್ಮ ಕಡೆ ಬಂದ ತಕ್ಷಣದ ಮಾತುಗಳೆಲ್ಲ ಪ್ರಶ್ನೆಗಳೇ. "ಊಟ ಆತೇನು ಪಾಪುಂದು?" "ಇನ್ನೂ ಮಲಗಿಸಿಲ್ಲೇನು?" "ಔಷಧಿ ಹಾಕಿದ್ಯಾ?" ಕೇಳುವವರಿಗೆ ಅದು ಕಾಳಜಿ. ದಿನವಿಡೀ ಮಗುವಿನ ಜೊತೆ ಒಬ್ಬಳೇ ಇದ್ದವಳಿಗೆ ಅದು ಲೆಕ್ಕ ತಪಾಸಣೆ. ಹೆಂಡತಿಯ ಕಡೆಯಿಂದಲೂ ಅಷ್ಟೇ. "ಈಗ ನೆನಪಾತಾ ಮನೆ?" ಅಂದುಬಿಟ್ಟರೆ ಬಿಸಿಲಲ್ಲಿ ಲೋಡ್ ಇಳಿಸಿ ಬಂದವರಿಗೆ ಅದು ಬಾಗಿಲು ಹಾಕಿದ ಹಾಗೆ.

ನಾವು ಮಾಡಿಕೊಂಡ ನಿಯಮ ಹೀಗಿದೆ. ಮನೆಗೆ ಬಂದ ಮೊದಲ ಐದು ನಿಮಿಷ ಪ್ರಶ್ನೆ ಕೇಳುವಂತಿಲ್ಲ. ಬಂದವರು ಕೈಕಾಲು ತೊಳೆದು, ಕಂಡದ್ದನ್ನು ಹೇಳಬೇಕು. "ಬೆಳಗಿಂದ ಎತ್ತಿಕೊಂಡೇ ಇದ್ದಂಗೈತಿ, ಕೊಡು ಇಲ್ಲಿ." "ಮುಖ ಬಾಡೈತಿ, ಮೊದಲು ಉಣ್ಣು ನೀನು." ಮನೆಯಲ್ಲಿದ್ದವರೂ ಒಂದು ಮಾತು ಹೇಳಬೇಕು. "ಬಂದ್ರಾ, ನೀರು ಕುಡೀರಿ. ಇವತ್ತು ಇವನು ಬಹಳ ಕಾಡಿದ." ಆಮೇಲೆ ಔಷಧಿ, ಊಟ, ನಿದ್ದೆ ಎಲ್ಲಾ ಕೇಳಬಹುದು.

ನಾಟಕ ಅನ್ನಿಸುತ್ತದೆ ಮೊದಲ ವಾರ. ನಮ್ಮ ಮನೆಯವರಂತೂ "ಇದನ್ನೂ ಬಾಯಿಪಾಠ ಮಾಡಬೇಕಾ?" ಅಂದರು. ಮಾಡಬೇಕು. ಎರಡನೇ ವಾರ ಅವರು "ಕೊಡು ಇಲ್ಲಿ" ಅಂದಾಗ ನನ್ನ ಭುಜ ಇಳಿದದ್ದು ನನಗೇ ಗೊತ್ತಾಯಿತು. ಅವತ್ತು ಮಗ ಕಣ್ಣುಜ್ಜಿದ್ದು ಮೊದಲ ಸಲಕ್ಕೇ ಕಂಡಿತು.

ಹಂತ 4: ದಿನಕ್ಕೆ ಹದಿನೈದು ನಿಮಿಷ, ಮಗುವಿನ ಸುದ್ದಿ ಬಿಟ್ಟು

ಮಗು ಹುಟ್ಟಿದ ಮೇಲೆ ಗಂಡ-ಹೆಂಡತಿ ಮಾತು ಡೈಪರ್, ಲಸಿಕೆ, ಹಾಲಿನ ಲೆಕ್ಕಕ್ಕೆ ಇಳಿದುಬಿಡುತ್ತದೆ. ಆದ್ದರಿಂದ ಮಗು ಮಲಗಿದ ಮೇಲೆ ಹದಿನೈದು ನಿಮಿಷ ಇಟ್ಟುಕೊಳ್ಳಿ. ಫೋನು ಬೇರೆ ಕೋಣೆಯಲ್ಲಿರಲಿ. ಮೊದಲು ಒಬ್ಬರು ಏಳು ನಿಮಿಷ ಮಾತಾಡಲಿ, ಇನ್ನೊಬ್ಬರು ಕೇಳಲಿ. ಆಮೇಲೆ ಅದಲು ಬದಲು. ವಿಷಯ ಅವರವರ ಮನಸ್ಸಿನದು. ಬೆನ್ನುನೋವು, ಅಂಗಡಿಯ ಉದ್ರಿ, ಕೆಲಸ ಬಿಟ್ಟ ಬೇಸರ, ಯಾವುದಾದರೂ.

ಕೇಳುವವರಿಗೆ ಒಂದೇ ಕಟ್ಟಳೆ. ಉಪಾಯ ಹೇಳಲು ಅವಸರ ಮಾಡಬೇಡಿ. ಮೊದಲು "ಸುಮ್ನೆ ಕೇಳ್ಲಾ, ಏನಾದ್ರೂ ಮಾಡ್ಲಾ?" ಅಂತ ಕೇಳಿ. ಹತ್ತಕ್ಕೆ ಎಂಟು ಸಲ ಉತ್ತರ "ಸುಮ್ನೆ ಕೇಳಿ" ಅಂತಲೇ ಬರುತ್ತದೆ. ಕೇಳಿದ್ದನ್ನು ಒಂದು ವಾಕ್ಯದಲ್ಲಿ ತಿರುಗಿ ಹೇಳಿ. "ಅಂದ್ರೆ, ಇಡೀ ದಿನ ದೊಡ್ಡವರ ಜೊತೆ ಒಂದು ಮಾತೂ ಆಡಿಲ್ಲ ನೀನು." ಅಷ್ಟು ಸಾಕು.

ಕೂಡು ಕುಟುಂಬದಲ್ಲಿ ಜಾಗ ಎಲ್ಲಿ ಅಂತ ಕೇಳ್ತೀರಿ. ನಿಜ, ಹಳೇಪೇಟೆಯ ಮನೆಗಳಲ್ಲಿ ಗೋಡೆಗೂ ಕಿವಿ. ಮಹಡಿಗೆ ಹೋಗಿ, ಒಣಗಿದ ಬಟ್ಟೆ ತರೋ ನೆಪದಲ್ಲಿ. ವಾರಕ್ಕೊಮ್ಮೆ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಕುಂದವಾಡ ಕೆರೆಯ ಏರಿಯ ಮೇಲೆ ನಡೆಯಿರಿ. ಪಕ್ಕಪಕ್ಕ ನಡೆಯುವಾಗ ಎದುರುಬದುರು ಕೂತಾಗಿನದಕ್ಕಿಂತ ಮಾತು ಸಲೀಸು. ಸ್ಕೂಟರಿನ ಮೇಲೆ ಮಾತ್ರ ಬೇಡ. ಗಾಳಿಯಲ್ಲಿ ಅರ್ಧ ಕೇಳಿಸೋದಿಲ್ಲ, ಮುಖ ಕಾಣೋದಿಲ್ಲ, ಜೋರಾಗಿ ಹೇಳಿದ್ದು ಸಿಟ್ಟಿನಂತೆ ಕೇಳುತ್ತದೆ.

ಹಂತ 5: "ಹೆಲ್ಪ್ ಮಾಡ್ತೀನಿ" ಬಿಟ್ಟು, ಕೆಲಸದ ಹೆಸರು ಹೇಳಿ

"ಏನಾದ್ರೂ ಇದ್ರೆ ಹೇಳು, ಮಾಡ್ತೀನಿ" ಅನ್ನೋ ಮಾತು ಒಳ್ಳೆಯದೇ. ಆದರೆ ನೆನಪಿಟ್ಟುಕೊಳ್ಳೋದು, ಹೇಳೋದು, ಮತ್ತೆ ನೆನಪಿಸೋದು ಅವಳ ಪಾಲಿಗೇ ಉಳಿಯುತ್ತದೆ. ಅದರ ಬದಲು ಪೂರ್ತಿ ಕೆಲಸ ವಹಿಸಿಕೊಳ್ಳಿ. ಲಸಿಕೆಯ ಉದಾಹರಣೆ ತೆಗೆದುಕೊಳ್ಳಿ. ಹುಟ್ಟಿದಾಗ, 6, 10, 14 ವಾರಕ್ಕೆ, 9 ತಿಂಗಳು ತುಂಬಿದ ಮೇಲೆ, ಆಮೇಲೆ 16ರಿಂದ 24 ತಿಂಗಳ ಒಳಗೆ. ತಾಯಿ ಕಾರ್ಡ್ ಹುಡುಕೋದು, ದಿನ ನೆನಪಿಡೋದು, ಚುಚ್ಚಿಸಿದ ಮೇಲೆ ಜ್ವರ ಬಂದರೆ ರಾತ್ರಿ ನೋಡಿಕೊಳ್ಳೋದು ಎಲ್ಲಾ ಗಂಡನದು. ಸಂಜೆಯ ಎಣ್ಣೆ ಹಚ್ಚಿ ಸ್ನಾನ ಮಾಡಿಸೋದು ಅವನದೇ ಆಗಬಹುದು. ಅಪ್ಪನಿಗೂ ಮಗುವಿನ ಸೂಚನೆಗಳು ಕೈಗೆ ಹತ್ತೋದು ಹೀಗೆಯೇ.

ಇಲ್ಲಿ ತಾಯಂದಿರಿಗೂ ಒಂದು ಮಾತು. ಗಂಡ ಲಂಗೋಟಿ ಸೊಟ್ಟಗೆ ಕಟ್ಟಿದರೆ "ಹಂಗಲ್ಲರೀ, ಕೊಡಿ ಇಲ್ಲಿ" ಅಂತ ಕಸಿದುಕೊಳ್ಳಬೇಡಿ. ನಾನು ಎರಡು ತಿಂಗಳು ಇದೇ ಮಾಡಿದೆ. ಅವರು ನಿಧಾನಕ್ಕೆ ಹತ್ತಿರ ಬರೋದನ್ನೇ ಬಿಟ್ಟರು. ಆಮೇಲೆ "ನೀವು ಏನೂ ಮಾಡಲ್ಲ" ಅಂತ ನಾನೇ ದೂರಿದೆ. ಮಗುವಿಗೆ ಅಪಾಯ ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಬೇರೆ ಕೋಣೆಗೆ ಹೋಗಿ.

ಸರ್ಕಾರಿ ನೌಕರರಾದ ಅಪ್ಪಂದಿರಿಗೆ 15 ದಿನದ ಪಿತೃತ್ವ ರಜೆ ಇದೆ. ಅದನ್ನು ತೊಟ್ಟಿಲ ಕಾರ್ಯದ ಓಡಾಟಕ್ಕೆ ಪೂರ್ತಿ ಖರ್ಚು ಮಾಡಬೇಡಿ.

ಹಂತ 6: ಜಗಳ ಬಂದೇ ಬಂದಾಗ

ಬರುತ್ತದೆ. ಬರದ ಮನೆ ಇಲ್ಲ. ಗಾಟ್‌ಮನ್ ಹೆಸರಿಸಿದ ನಾಲ್ಕು ಕೆಡಕುಗಳನ್ನು ನಮ್ಮ ಮಾತಲ್ಲಿ ಹೀಗೆ ಗುರುತಿಸಬಹುದು. ಒಂದು, ಕೆಲಸ ಬಿಟ್ಟು ಗುಣ ಎತ್ತಾಡೋದು: "ನೀನು ಯಾವತ್ತೂ ಹಂಗೇ." ಎರಡು, ಹೀಯಾಳಿಸೋದು: "ನಿಮ್ಮ ಮನೇಲಿ ಕಲಿಸಿದ್ದು ಇಷ್ಟೇ." ಮೂರು, ತನ್ನ ತಪ್ಪೇ ಇಲ್ಲ ಅಂತ ತಿರುಗಿಬೀಳೋದು. ನಾಲ್ಕು, ಗೋಡೆಯಾಗಿಬಿಡೋದು. ಇವುಗಳಲ್ಲಿ ಎರಡನೆಯದು ಎಲ್ಲಕ್ಕಿಂತ ಹಾನಿಕರ. ತವರಿನ ಮಾತೆತ್ತಿ ಹೀಯಾಳಿಸಿದರೆ ಆ ಗಾಯ ಮೂರು ದಿನವಾದರೂ ಆರೋದಿಲ್ಲ. ಅಷ್ಟೂ ದಿನ ಮಗುವಿಗೆ ಅರ್ಧ ತಾಯಿ ಮಾತ್ರ ಸಿಗುತ್ತಾಳೆ.

ನಮ್ಮ ಕಡೆ ನಾನು ಹೆಚ್ಚು ಕಂಡಿರೋದು ನಾಲ್ಕನೆಯದನ್ನು. ಕೂಗಾಟ ಇರೋದಿಲ್ಲ, ಮಾತು ಬಿಟ್ಟಿರುತ್ತಾರೆ. "ಅಪ್ಪಾಜಿಗೆ ಊಟಕ್ಕೆ ಬರೋಕೆ ಹೇಳು" ಅಂತ ಎರಡು ವರ್ಷದ ಮಗುವಿನ ಮೂಲಕ ಹೇಳಿಸೋದು. ಕೂಗಾಡಲಿಲ್ಲವಲ್ಲ, ಮಗುವಿಗೇನೂ ಗೊತ್ತಾಗಿಲ್ಲ ಅಂತ ಸಮಾಧಾನ ಮಾಡಿಕೊಳ್ಳೋದು. ಎಡ್ವರ್ಡ್ ಟ್ರೋನಿಕ್ ಎಂಬ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಮಾಡಿದ ಪ್ರಯೋಗವನ್ನು ನೆನೆಸಿಕೊಳ್ಳಿ. ತಾಯಿ ಮಗುವಿನ ಜೊತೆ ನಗುತ್ತಾ ಆಡುತ್ತಿರುತ್ತಾಳೆ. ಆಮೇಲೆ ಎರಡು ಮೂರು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನೆ ಕೂರುತ್ತಾಳೆ. ಬೈದಿಲ್ಲ, ಹೊಡೆದಿಲ್ಲ. ಮಗು ನಗುತ್ತದೆ, ಕೂಗುತ್ತದೆ, ಕೈ ಚಾಚುತ್ತದೆ. ಏನೂ ಸಿಗದೆ ಮುಖ ತಿರುಗಿಸಿ ಅಳುತ್ತದೆ. ಮಾತು ಬಿಟ್ಟ ಮನೆಯಲ್ಲಿ ಆ ಮುಖ ಎರಡು ಮೂರು ನಿಮಿಷಕ್ಕೆ ಮುಗಿಯೋದಿಲ್ಲ.

ಮಲಗಿದ ಮಗುವಿನ ಪಕ್ಕ ಜಗಳ ಆಡಬಹುದು ಅಂತಲೂ ಅಂದುಕೊಳ್ಳಬೇಡಿ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 6ರಿಂದ 12 ತಿಂಗಳ ಮಕ್ಕಳು ನಿದ್ದೆಯಲ್ಲಿದ್ದಾಗ ಮಿದುಳಿನ ಸ್ಕ್ಯಾನ್ ಮಾಡುತ್ತಾ ಬೇರೆ ಬೇರೆ ದನಿಯ ಮಾತು ಕೇಳಿಸಿದರು. ಸಿಟ್ಟಿನ ದನಿಗೆ ನಿದ್ದೆಯಲ್ಲೂ ಮಿದುಳು ಬೇರೆ ಥರ ಪ್ರತಿಕ್ರಿಯಿಸಿತು. ಜಗಳ ಹೆಚ್ಚಿರುವ ಮನೆಯ ಮಕ್ಕಳಲ್ಲಿ ಅದು ಇನ್ನೂ ಹೆಚ್ಚು.

ಹಾಗಾದರೆ ಮಾಡೋದೇನು? ದನಿ ಏರಿದಾಗ ಮೊದಲು ಮಗುವನ್ನು ಯಾರ ಎದೆ ಕಡಿಮೆ ಬಡಿಯುತ್ತಿದೆಯೋ ಅವರ ಕೈಗೆ ಕೊಡಿ. ಆಮೇಲೆ ಬಿಡುವು ತೆಗೆದುಕೊಳ್ಳಿ, ಆದರೆ ವಾಪಸ್ ಬರುವ ಹೊತ್ತು ಹೇಳಿ. "ಈಗ ನನ್ನಿಂದ ಆಗಲ್ಲ. ಒಂಬತ್ತೂವರೆಗೆ ಮಾತಾಡೋಣ." ಕೆರಳಿದ ಮೈ ತಣಿಯಲು ಕನಿಷ್ಠ ಇಪ್ಪತ್ತು ನಿಮಿಷ ಬೇಕು. ಆ ಇಪ್ಪತ್ತು ನಿಮಿಷ ಜಗಳವನ್ನೇ ನೆನೆಯುತ್ತಾ ಕೂತರೆ ತಣಿಯೋದಿಲ್ಲ. ಪಾತ್ರೆ ತೊಳೆಯಿರಿ, ಒಂದು ಸುತ್ತು ನಡೆದು ಬನ್ನಿ. ಹೊತ್ತು ಹೇಳದೆ ಗಾಡಿ ತೆಗೆದುಕೊಂಡು ಹೋಗಿಬಿಟ್ಟರೆ ಅದು ಗೋಡೆಯೇ. ಒಬ್ಬರು ಬೆನ್ನುಹತ್ತಿ ಕೇಳೋದು, ಇನ್ನೊಬ್ಬರು ತಪ್ಪಿಸಿಕೊಂಡು ಓಡೋದು, ಈ ಸುತ್ತು ಬಹಳ ಮನೆಗಳಲ್ಲಿದೆ. ಓಡುವವರು ಹೊತ್ತು ಹೇಳಿದರೆ ಬೆನ್ನುಹತ್ತುವವರು ನಿಲ್ಲುತ್ತಾರೆ.

ತಿರುಗಿ ಕೂತಾಗ ಮಾತನ್ನು "ನೀನು" ಇಂದ ಶುರು ಮಾಡಬೇಡಿ. ಆದದ್ದು, ಅನ್ನಿಸಿದ್ದು, ಬೇಕಾದದ್ದು, ಈ ಮೂರನ್ನು ಹೇಳಿ. "ರಾತ್ರಿ ಮೂರು ಸಲ ಎದ್ದೆ. ಮೈಯಾಗ ಶಕ್ತಿನೇ ಇಲ್ಲರೀ. ನಾಳೆ ಬೆಳಗ್ಗೆ ಆರರಿಂದ ಎಂಟರ ತನಕ ಇವನನ್ನು ನೀವು ನೋಡ್ಕೋಬೇಕು."

ಹಂತ 7: ರಾಜಿಯನ್ನು ಮಗುವಿನ ಕಣ್ಣೆದುರೇ ಮಾಡಿ

ನಮ್ಮಲ್ಲಿ ಎರಡು ಗಾದೆಗಳಿವೆ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ." "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು." ಉಂಡು ಮಲಗುವಷ್ಟರಲ್ಲಿ ಮುಗಿಯೋ ಜಗಳಕ್ಕೆ ಕೂಸು ಯಾಕೆ ಬಡವಾಗಬೇಕು? ನಾನು ಬಹಳ ದಿನ ಇದನ್ನು ಯೋಚಿಸಿದೆ. ಜಗಳ ಶುರುವಾಗೋದು ಸಂಜೆ, ಕೂಸು ಎದ್ದಿರುವಾಗ. ರಾಜಿಯಾಗೋದು ರಾತ್ರಿ, ಕೂಸು ಮಲಗಿದ ಮೇಲೆ. ಅದರ ಪಾಲಿಗೆ ಜಗಳ ಮುಗಿಯಲೇ ಇಲ್ಲ.

ಮಾರ್ಕ್ ಕಮಿಂಗ್ಸ್ ಎಂಬ ಸಂಶೋಧಕ ಹಲವು ವರ್ಷ ಇದನ್ನೇ ನೋಡಿದವರು. ದೊಡ್ಡವರ ಜಗಳ ಕಂಡ ಮಕ್ಕಳ ಕಳವಳ, ಅದು ಬಗೆಹರಿದದ್ದನ್ನೂ ಕಂಡಾಗ ಬಹಳ ಇಳಿಯುತ್ತದೆ ಅಂತ ಅವರ ಅಧ್ಯಯನಗಳು ತೋರಿಸಿದವು. ಆದ್ದರಿಂದ ಮಗುವಿನ ಮುಂದೆ ಮಾತು ಕೆಟ್ಟಿದ್ದರೆ, ಮಗುವಿನ ಮುಂದೆಯೇ ಸರಿ ಮಾಡಿ. ಮೊದಲಿನ ದನಿಗೆ ಬನ್ನಿ, ಪಕ್ಕದಲ್ಲಿ ಕೂರಿ, ಒಬ್ಬರ ತಟ್ಟೆಗೆ ಇನ್ನೊಬ್ಬರು ಬಡಿಸಿ. ಎರಡು ವರ್ಷ ದಾಟಿದ ಮಗುವಿಗೆ ಬಾಯಲ್ಲೂ ಹೇಳಿ. "ಅಮ್ಮ ಅಪ್ಪಾಜಿ ಜೋರಾಗಿ ಮಾತಾಡಿದ್ವಿ. ಈಗ ಸರಿ ಹೋಯ್ತು. ನಿನ್ನಿಂದ ಅಲ್ಲ ಅದು."

ಮಗುವಿನ ಜೊತೆ ಕೆಟ್ಟಿದ್ದನ್ನೂ ಹೀಗೆಯೇ ಸರಿ ಮಾಡಬಹುದು. ಚೆನ್ನಾಗಿರುವ ತಾಯಿ-ಮಗು ಕೂಡ ಪೂರ್ತಿ ಹೊಂದಿಕೊಂಡು ಇರೋದು ಮೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಅಂತ ಟ್ರೋನಿಕ್ ಅವರ ತಂಡ ಕಂಡುಕೊಂಡಿತು. ಉಳಿದ ಹೊತ್ತೆಲ್ಲ ತಪ್ಪೋದು, ಮತ್ತೆ ಹಿಡಿಯೋದು. ಆ ರಾಗಿ ಸರಿಯ ರಾತ್ರಿ ನಾನು ಇದನ್ನು ಓದಿದ್ದರೆ ಅಷ್ಟು ಅಳುತ್ತಿರಲಿಲ್ಲ.

ಹಂತ 8: ತವರು, ಅತ್ತೆ, ವಿಡಿಯೋ ಕಾಲ್

ನನ್ನ ತವರು ಜಗಳೂರು. ಬಾಣಂತನಕ್ಕೆ ಐದು ತಿಂಗಳು ಅಲ್ಲಿದ್ದೆ. ಅಷ್ಟೂ ದಿನ ನಮ್ಮ ಮಾತು ಅಂದರೆ ವಿಡಿಯೋ ಕಾಲ್, ಅದರಲ್ಲಿ ಕ್ಯಾಮೆರಾ ಮಗುವಿನ ಕಡೆ. "ತೋರ್ಸು, ತೋರ್ಸು" ಅನ್ನೋರು. ನನ್ನ ಮುಖ ಅವರು ವಾರಗಟ್ಟಲೆ ನೋಡಲೇ ಇಲ್ಲ. ಅಪ್ಪಂದಿರೇ, ಮೊದಲ ಐದು ನಿಮಿಷ ಕ್ಯಾಮೆರಾ ಅವಳ ಕಡೆ ಇರಲಿ. ನಿದ್ದೆ ಎಷ್ಟಾಯಿತು, ಹೊಲಿಗೆ ನೋವು ಹೇಗಿದೆ, ಎದೆಹಾಲು ಕೊಡುವಾಗ ನೋವಿದೆಯಾ ಅಂತ ಕೇಳಿ. ತವರಿನಿಂದ ಗಂಡನ ಮನೆಗೆ ಬಂದ ಮೊದಲ ಎರಡು ವಾರ ಬಹಳ ನಾಜೂಕು. ಮಗುವಿಗೆ ಹೊಸ ಮನೆ, ಅವಳಿಗೆ ಕೈಯಾಸರೆ ಇಲ್ಲ. ಆ ಎರಡು ವಾರ ಬೇಗ ಮನೆಗೆ ಬನ್ನಿ.

ಅತ್ತೆಯ ಮಾತಿನ ಬಗ್ಗೆ ನನ್ನ ಅಭಿಪ್ರಾಯ ನೇರ. ಅವರ ಜೊತೆ ಮಾತಾಡಬೇಕಾದವರು ಅವರ ಮಗ. "ಅವ್ವ, ಅವಳು ಎತ್ತಿಕೊಳ್ಳಲಿ ಬಿಡು, ಡಾಕ್ಟ್ರೂ ಅದೇ ಹೇಳ್ಯಾರೆ" ಅಂತ ಅವರು ಒಂದು ಮಾತು ಅಂದರೆ ಸೊಸೆಯ ಹತ್ತು ಮಾತು ಉಳಿಯುತ್ತದೆ. ಆಶಾ ಕಾರ್ಯಕರ್ತೆ ಬರುವ ದಿನ ಅತ್ತೆಯನ್ನೂ ಕೂರಿಸಿಕೊಳ್ಳಿ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೇ ದಿನ ಅವರು ಮನೆಗೆ ಬರಬೇಕು. ಒಂದು ಸಲವಾದರೂ ಅಪ್ಪ ಮನೆಯಲ್ಲಿರಲಿ.

ಮಾತಿನಿಂದ ಮಾತ್ರ ಆಗದ ಸಂಗತಿಗಳು

ಹೊಡೆತ, ಬೆದರಿಕೆ, ಮನೆಯಲ್ಲಿ ಕೂಡಿಹಾಕೋದು, ದುಡ್ಡು ಕೊಡದೆ ಸತಾಯಿಸೋದು ಇದ್ದರೆ ಮೇಲಿನ ಯಾವ ಹಂತವೂ ನಿಮಗಲ್ಲ. ಅದು ಮಾತಿನ ಸಮಸ್ಯೆ ಅಲ್ಲವೇ ಅಲ್ಲ. ಮಹಿಳಾ ಸಹಾಯವಾಣಿ 181, ತುರ್ತಿದ್ದರೆ 112. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅದೇ ಮನೆಯಲ್ಲಿ ಉಳಿಯುವ ಹಕ್ಕೂ ನಿಮಗಿದೆ.

ಇನ್ನೊಂದು, ಬಾಣಂತಿ ಖಿನ್ನತೆ. ಎರಡು ವಾರ ಮೀರಿ ದಿನವಿಡೀ ಬೇಸರ, ಮಗು ಮಲಗಿದರೂ ನಿದ್ದೆ ಬಾರದಿರೋದು, ಮಗುವಿನ ಮೇಲೆ ಏನೂ ಅನ್ನಿಸದಿರೋದು, ತಾನಿದ್ದು ಏನು ಪ್ರಯೋಜನ ಅನ್ನೋ ಯೋಚನೆ. ಇದನ್ನು ಗಂಡ "ನೀನು ಬದಲಾಗಿದ್ದೀಯ" ಅಂತ, ಅತ್ತೆ "ಸೋಮಾರಿ" ಅಂತ ತಪ್ಪು ತಿಳಿಯುತ್ತಾರೆ. ಇದು ಕಾಯಿಲೆ, ಔಷಧಿಯಿದೆ, ವಾಸಿಯಾಗುತ್ತದೆ. 1987ರಲ್ಲಿ ಎಡಿನ್‌ಬರೋದಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳ ಪಟ್ಟಿ ಇದನ್ನು ಗುರುತಿಸಲು ಜಗತ್ತಿನ ಎಲ್ಲೆಡೆ ಬಳಕೆಯಲ್ಲಿದೆ. ಡಾಕ್ಟರ ಹತ್ತಿರ ಕೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಊರಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ. ಸಾಯುವ ಯೋಚನೆ, ಮಗುವಿಗೆ ಏನಾದರೂ ಮಾಡಿಬಿಡುವ ಯೋಚನೆ ಬಂದರೆ, ಇಲ್ಲದ್ದು ಕೇಳಿಸುವುದೋ ಕಾಣಿಸುವುದೋ ಆದರೆ ಅದೇ ದಿನ ಹೋಗಿ. ಅವಳನ್ನು ಒಬ್ಬಳೇ ಬಿಡಬೇಡಿ.

ಹೋಗುವಾಗ ತಾಯಿ ಕಾರ್ಡ್, ಈಗ ತೆಗೆದುಕೊಳ್ಳುವ ಮಾತ್ರೆಗಳು, ಮಗುವಿಗೆ ಒಂದು ಜೊತೆ ಬಟ್ಟೆ ಇಟ್ಟುಕೊಳ್ಳಿ. ಎದೆಹಾಲು ಕೊಡುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಮಗುವನ್ನು ಗಂಡ ಎತ್ತಿಕೊಳ್ಳಲಿ. ಡಾಕ್ಟರು ಕೇಳಿದ್ದಕ್ಕೆ ಅವಳೇ ಉತ್ತರ ಕೊಡಲಿ, ಎಷ್ಟು ಹೊತ್ತಾದರೂ ಸರಿ. ನಡುವೆ ಬಾಯಿ ಹಾಕಬೇಡಿ.